ಡಿಕ್ಷನರಿಯಲ್ಲಿರುವ ಪದಕ್ಕೂ ಕೆಂಪು ಸುತ್ತು: 'ಆ್ಯಬ್ಸನಂಟ್' ಬಳಸಬಹುದಾ?

ಓದುಗರ ಪ್ರಶ್ನೆ

"ನಮಸ್ಕಾರ ಮೇಡಂ. ನಾನು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಥೀಸಿಸ್ ಇಂಗ್ಲಿಷಿನಲ್ಲಿದೆ. ಸಂಸ್ಥೆಗಳಲ್ಲಿ ಬರೆದಿಟ್ಟ ನಿಯಮ ಒಂದಾದರೆ ದಿನಾ ನಡೆಯೋ ಕೆಲಸ ಇನ್ನೊಂದು ಅನ್ನೋದು ನನ್ನ ವಿಷಯ. ಮೂರನೇ ಅಧ್ಯಾಯದಲ್ಲಿ 'ದಿ ಎಂಪ್ಲಾಯೀಸ್ ಅಕೌಂಟ್ಸ್ ಆರ್ ಆ್ಯಬ್ಸನಂಟ್ ವಿತ್ ದಿ ರಿಟನ್ ಪಾಲಿಸಿ' ಎಂದು ಬರೆದೆ. ನೌಕರರು ಹೇಳೋದಕ್ಕೂ ಬರೆದ ನಿಯಮಕ್ಕೂ ತಾಳಮೇಳ ಇಲ್ಲ ಎಂಬ ಅರ್ಥದಲ್ಲಿ. ಇದೇ ಅರ್ಥ ಕೊಡುವ 'ಡಿಸನಂಟ್' ಪದವನ್ನು ಆ ಅಧ್ಯಾಯದಲ್ಲಿ ಆಗಲೇ ನಾಲ್ಕು ಸಲ ಬಳಸಿದ್ದೆ. ಮತ್ತೆ ಅದೇ ಬೇಡ ಅಂತ ಹುಡುಕಿದಾಗ ಈ ಪದ ಸಿಕ್ಕಿತು, ತುಂಬಾ ಇಷ್ಟವೂ ಆಯಿತು. ನಮ್ಮ ಗೈಡ್ ಸರ್ ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ 'ಇಂಥ ಪದವೇ ಇಲ್ಲ, ಡಿಸನಂಟ್ ಎಂದು ಬರೆಯಿರಿ' ಎಂದಿದ್ದಾರೆ. ಕಂಪ್ಯೂಟರ್ ಕೂಡ ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತೆ. ಆದರೆ ಆನ್‌ಲೈನ್ ಡಿಕ್ಷನರಿಯಲ್ಲಿ ಪದ ಇದೆ! ಜೊತೆಯಲ್ಲಿ ಓದುವ ಗೆಳತಿ 'ಇಟ್ಟುಕೋ, ಅಪರೂಪದ ಪದ ಕಂಡರೆ ಪರೀಕ್ಷಕರಿಗೆ ಗೌರವ ಬರುತ್ತೆ' ಅಂತಾಳೆ. ಇಂಗ್ಲಿಷ್ ನನ್ನ ಮನೆಮಾತಲ್ಲ. ಸುಲಭದ ಪದಗಳನ್ನೇ ಬರೆದರೆ ಇವಳಿಗೆ ಇಷ್ಟೇ ಬರೋದು ಅಂದುಕೊಳ್ತಾರೇನೋ ಅನ್ನೋ ಅಳುಕು ನನಗೆ ಯಾವಾಗಲೂ ಇದೆ. ಪದ ಉಳಿಸಿಕೊಂಡು ಸರ್ ಹತ್ತಿರ ವಾದ ಮಾಡಲಾ, ಸುಮ್ನೆ ಬದಲಿಸಿಬಿಡಲಾ?"

ಉತ್ತರ

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಪದ ಇದೆ. ಅದು ಯಾರೋ ಆನ್‌ಲೈನಿನಲ್ಲಿ ಕಟ್ಟಿದ ಪದವಲ್ಲ, ಹಳೆಯದು, ಅಸಲಿ. ಆ ಮಟ್ಟಿಗೆ ನಿಮ್ಮ ಗೈಡ್ ಹೇಳಿದ್ದು ತಪ್ಪು. ಆದರೂ ಆ ವಾಕ್ಯದಲ್ಲಿ ಅದನ್ನು ಇಡಬೇಡಿ ಎಂದೇ ನಾನೂ ಹೇಳುತ್ತೇನೆ. ನನ್ನ ಕಾರಣ ಬೇರೆ. ಇನ್ನೊಂದು ಮಾತು: ಅವರು ಸೂಚಿಸಿದ 'ಡಿಸನಂಟ್' ಕೂಡ ಅಲ್ಲಿ ಅಷ್ಟು ಸರಿಯಾಗಿ ಕೂರುವುದಿಲ್ಲ.

ನಿಮ್ಮ ಪತ್ರದಲ್ಲಿ ಮೂರು ಗಂಟುಗಳಿವೆ. ಈ ಪದ ನಿಜವಾಗಿ ಇದೆಯಾ? ಇದ್ದರೆ ಬಳಸಬಹುದಾ? ಬಳಸದಿದ್ದರೆ ನನ್ನ ಇಂಗ್ಲಿಷಿನ ಬಗ್ಗೆ ಏನಂದುಕೊಳ್ಳುತ್ತಾರೆ? ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಬೇರೆಯವರ ಇಂಗ್ಲಿಷ್ ಬರಹ ತಿದ್ದುತ್ತಾ ಬಂದಿದ್ದೇನೆ. ನನಗೆ ಗೊತ್ತಿರುವಂತೆ ಮೂರನೆಯದೇ ನಿಜವಾದ ಭಾರ. ಮೊದಲೆರಡನ್ನು ಬಿಡಿಸಿದರೆ ಅದೂ ಸ್ವಲ್ಪ ಸಡಿಲವಾಗುತ್ತದೆ.

ಪದವನ್ನು ಬಿಚ್ಚಿ ನೋಡೋಣ

ಅಕ್ಷರಗಳು ಎ, ಬಿ, ಎಸ್, ಒ, ಎನ್, ಎ, ಎನ್, ಟಿ. ಒತ್ತು ಮೊದಲ 'ಆ್ಯಬ್' ಮೇಲೆ. ಲ್ಯಾಟಿನ್ನಿನ 'ಆಬ್' ಎಂದರೆ ಆಚೆ, ದೂರ. 'ಸೊನಾರೆ' ಎಂದರೆ ದನಿ ಮಾಡುವುದು. ಇರಬೇಕಾದ ದನಿಯಿಂದ ಆಚೆ ಸರಿದದ್ದು ಯಾವುದೋ ಅದು ಆ್ಯಬ್ಸನಂಟ್. 1913ರ ವೆಬ್‌ಸ್ಟರ್ ನಿಘಂಟು ಇದಕ್ಕೆ ಹೊಂದದ, ವಿರುದ್ಧವಾದ ಎಂಬ ಅರ್ಥ ಕೊಟ್ಟು, 'ಕಾನ್ಸನಂಟ್' (ಇಲ್ಲಿ ವ್ಯಂಜನ ಅಲ್ಲ, ಹೊಂದುವ ಎಂಬ ಅರ್ಥ) ಪದಕ್ಕೆ ಎದುರಾದದ್ದು ಎನ್ನುತ್ತದೆ. ಉದಾಹರಣೆಗೆ ಅದು ತೋರಿಸುವುದು 'ಆ್ಯಬ್ಸನಂಟ್ ಟು ನೇಚರ್' ಎಂಬ ಮೂರೇ ಪದದ ತುಣುಕು. ಪ್ರಕೃತಿಗೆ ಹೊಂದದ್ದು ಎಂದರ್ಥ. ಬರೆದವರು ಫ್ರಾನ್ಸಿಸ್ ಕ್ವಾರ್ಲ್ಸ್ ಎಂಬ ಇಂಗ್ಲಿಷ್ ಕವಿ. ಅವರ ಕಾಲ 1592ರಿಂದ 1644.

ಈ ತುಣುಕಿನಲ್ಲಿ ಎರಡು ವಿಷಯ ಗಮನಿಸಿ. ಒಂದು, ಕವಿ 'ಟು' ಬಳಸಿದ್ದಾರೆ, ನೀವು 'ವಿತ್' ಬಳಸಿದ್ದೀರಿ. 'ಕಾನ್ಸನಂಟ್ ವಿತ್' ಎನ್ನುವುದು ರೂಢಿಯಲ್ಲಿ ಇರುವುದರಿಂದ ನಿಮ್ಮ ಕೈ ಆ ಕಡೆ ಹೋಗಿದೆ. ಅದು ದೊಡ್ಡ ತಪ್ಪೇನಲ್ಲ. ಎರಡನೆಯದು ಮುಖ್ಯ: ನಿಘಂಟು ಉದಾಹರಣೆಗೆ ಹೋದದ್ದು ಹದಿನೇಳನೇ ಶತಮಾನಕ್ಕೆ.

ನಿಮಗೆ ಈ ಪದ ಇಷ್ಟವಾದದ್ದು ಸುಮ್ನೆ ಅಲ್ಲ ಅನಿಸುತ್ತೆ. ಲ್ಯಾಟಿನ್ನಿನ 'ಆಬ್', ಸಂಸ್ಕೃತದ 'ಅಪ', ಇಂಗ್ಲಿಷಿನ 'ಆಫ್' ಮೂರೂ ಒಂದೇ ಮೂಲದಿಂದ ಬಂದವು. ಲ್ಯಾಟಿನ್ನಿನ 'ಸೊನುಸ್' ಮತ್ತು ಸಂಸ್ಕೃತದ 'ಸ್ವನ' ಕೂಡ ಒಂದೇ ಬೇರಿನವು. ಭಾಷಾಶಾಸ್ತ್ರದ ಪುಸ್ತಕಗಳಲ್ಲಿ 'ಸ್ವನಿಮ' ಎಂದು ಓದಿರುತ್ತೀರಲ್ಲ, ಅದೇ ಸ್ವನ. ಅಂದರೆ ಆ್ಯಬ್ಸನಂಟನ್ನು ತುಂಡು ತುಂಡಾಗಿ ನಮ್ಮ ಕಡೆಗೆ ತಂದರೆ 'ಅಪಸ್ವನ' ಆಗುತ್ತದೆ. ನಮ್ಮ 'ಅಪಸ್ವರ'ದ ಪಕ್ಕದ ಮನೆ. ಸ್ವರಕ್ಕೂ ಸ್ವನಕ್ಕೂ ಧಾತು ಬೇರೆ, ಆದರೆ ಕಟ್ಟಿದ ರೀತಿ ಒಂದೇ. ಅಪಸ್ವರ ಕನ್ನಡದಲ್ಲಿ ಹಾಡಿಗಷ್ಟೇ ನಿಲ್ಲದೆ ಮಾತಿಗೂ ಬಂದಿದೆ. ಸಭೆಯಲ್ಲಿ ಅಪಸ್ವರ ಎತ್ತಿದರು ಅಂತೀವಿ, ಕೇಳಿದವರಿಗೆ ತಕ್ಷಣ ಗೊತ್ತಾಗುತ್ತೆ. ಆ ಸಲೀಸು ನಿಮ್ಮ ಕಿವಿಯಲ್ಲಿ ಮೊದಲೇ ಇತ್ತು. ಅದೇ ಆಕಾರದ ಇಂಗ್ಲಿಷ್ ಪದ ಕಂಡಾಗ ಅದಕ್ಕೂ ಅಷ್ಟೇ ಬಳಕೆ ಇರಬೇಕು ಅನಿಸಿದೆ. ಇಂಗ್ಲಿಷಿನಲ್ಲಿ ಆ ಪದ ಮಾತಿನೊಳಗೆ ಇಳಿಯಲೇ ಇಲ್ಲ.

ಯಾಕೆ ಇಳಿಯಲಿಲ್ಲ ಎನ್ನುವುದಕ್ಕೆ ಒಂದು ಒಳ್ಳೆಯ ಕಥೆ ಇದೆ. ಕ್ರಿ.ಪೂ. 55ರಲ್ಲಿ ರೋಮಿನ ವಾಗ್ಮಿ ಸಿಸೆರೊ, ಭಾಷಣಕಾರನ ದನಿಯಲ್ಲಿ ಯಾವ ದೋಷ ಇರಬಾರದು ಎಂದು ಬರೆಯುತ್ತಾ 'ಆಬ್ಸೊನ' ಮತ್ತು 'ಆಬ್ಸುರ್ಡ' ಎಂಬ ಎರಡು ವಿಶೇಷಣಗಳನ್ನು ಜೋಡಿಯಾಗಿ ಇಟ್ಟರು. ಅಳತೆ ಮೀರಿ ಶ್ರುತಿ ತಪ್ಪಿದ, ಕರ್ಕಶವಾದ ದನಿ ಎಂಬ ಅರ್ಥದಲ್ಲಿ. ಎರಡನೆಯದನ್ನು ಗುರುತಿಸಿದಿರಾ? ಇಂದಿನ 'ಅಬ್ಸರ್ಡ್' ಅದೇ! ಅದರ ಹಳೆಯ ಅರ್ಥವೂ ಶ್ರುತಿ ತಪ್ಪಿದ್ದು ಎಂದೇ. ಕಿವಿಗೆ ಹೊಂದದ್ದು ಎಂಬಲ್ಲಿಂದ ಬುದ್ಧಿಗೆ ಹೊಂದದ್ದು ಎಂಬ ಕಡೆಗೆ ಅದು ಸರಿದು, ಬದುಕಿಕೊಂಡಿತು. ಈಗ ಮಕ್ಕಳಿಗೂ ಅದು ಗೊತ್ತು. ಆ್ಯಬ್ಸನಂಟ್ ಇಂಗ್ಲಿಷಿಗೆ ಬಂದಾಗ ಬುದ್ಧಿಗೆ ಹೊಂದದ್ದು ಎಂಬ ಜಾಗ ಅಬ್ಸರ್ಡ್ ಹಿಡಿದಿತ್ತು. ಕಿವಿಗೆ ಹೊಂದದ್ದು ಎಂಬ ಜಾಗದಲ್ಲಿ ಡಿಸನಂಟ್, ಡಿಸ್ಕಾರ್ಡಂಟ್ ಕೂತಿದ್ದವು. ಹೊಸಬನಿಗೆ ಮಾಡಲು ಕೆಲಸವೇ ಉಳಿದಿರಲಿಲ್ಲ.

ಆ ಕಾಲದಲ್ಲಿ ಇಂಗ್ಲಿಷಿಗೆ ಲ್ಯಾಟಿನ್ ಪದಗಳು ಪ್ರವಾಹದಂತೆ ಬಂದವು. ಅಂಥವಕ್ಕೆ 'ಇಂಕ್‌ಹಾರ್ನ್' ಪದಗಳು ಎಂಬ ಹೆಸರೇ ಇತ್ತು. ಕೊಂಬಿನಿಂದ ಮಾಡಿದ ಮಸಿಕುಡಿಕೆ ಎಂದರ್ಥ. ಪಂಡಿತರ ಮಸಿಕುಡಿಕೆಯಿಂದ ಎದ್ದು ಬಂದವು, ಜನರ ಬಾಯಿಂದ ಬಂದವಲ್ಲ ಎಂಬ ದೂರು ಅದರಲ್ಲಿದೆ. 1553ರಲ್ಲಿ ಥಾಮಸ್ ವಿಲ್ಸನ್ ಎಂಬ ವಿದ್ವಾಂಸರು ಇಂಥ ಪದಗಳನ್ನೇ ತುಂಬಿಸಿದ ಒಂದು ಅಣಕು ಪತ್ರ ಪ್ರಕಟಿಸಿದರು. ಅದರಲ್ಲಿ 'ಸೆಲೆಬ್ರೇಟ್', 'ಡೆಕ್ಸ್ಟೆರಿಟಿ' ಕೂಡ ಇದ್ದವು. ಇವತ್ತು ಅವನ್ನು ಕಂಡು ಯಾರೂ ಹುಬ್ಬು ಏರಿಸುವುದಿಲ್ಲ. ಅದೇ ಪತ್ರದ 'ಇನ್‌ಜೆಂಟ್', 'ರೆವೊಲ್ಯೂಟಿಂಗ್' ಹೇಳಹೆಸರಿಲ್ಲದೆ ಹೋದವು. ಯಾವುದು ಉಳಿಯುತ್ತೆ, ಯಾವುದು ಹೋಗುತ್ತೆ ಎಂದು ಮೊದಲೇ ಹೇಳಲು ಆಗುವುದಿಲ್ಲ. 1604ರಲ್ಲಿ ರಾಬರ್ಟ್ ಕಾಡ್ರಿ ಮಾಡಿದ ಮೊದಲ ಇಂಗ್ಲಿಷ್-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 2500 ಪದಗಳಿದ್ದವು. ಅದು ಹುಟ್ಟಿದ್ದೇ ಇಂಥ ಕಷ್ಟದ ಪದಗಳ ಅರ್ಥ ಹೇಳಲು. ಹಾಗಾಗಿ ಅರ್ಥವಾಗದ ಪದ ಕಂಡು ತಬ್ಬಿಬ್ಬಾಗುವುದು ಇಂಗ್ಲಿಷ್ ಮನೆಮಾತಿನವರಿಗೂ ಹೊಸದಲ್ಲ.

ಕೆಂಪು ಗೆರೆ ಏನು ಹೇಳುತ್ತೆ, ನಿಘಂಟು ಏನು ಹೇಳುತ್ತೆ

ಕಂಪ್ಯೂಟರ್ ಕೆಂಪು ಗೆರೆ ಎಳೆದರೆ ಪದ ಇಲ್ಲ ಎಂದರ್ಥವಲ್ಲ. ಅದರ ಬಳಿ ಒಂದು ಪಟ್ಟಿ ಇರುತ್ತದೆ. ಬಳಕೆ ಕಡಿಮೆ ಇರುವ ಪದಗಳನ್ನು ಆ ಪಟ್ಟಿಯಿಂದ ಬೇಕೆಂದೇ ಬಿಡುವುದೂ ಉಂಟು. ಯಾಕೆಂದರೆ ಬೇರೆ ಪದ ಟೈಪ್ ಮಾಡುವಾಗ ಕೈತಪ್ಪಿ ಆ ಅಪರೂಪದ ಪದ ಬಂದುಬಿಟ್ಟರೆ ತಪ್ಪು ಸಿಕ್ಕುವುದೇ ಇಲ್ಲ.

ಹಾಗೆಯೇ ನಿಘಂಟಿನಲ್ಲಿ ಇದ್ದರೆ ಬಳಸಬಹುದು ಎನ್ನುವುದೂ ಪೂರ್ತಿ ನಿಜವಲ್ಲ. ನಿಘಂಟು ದಾಖಲೆ. ಒಮ್ಮೆ ಬಳಕೆಯಾದದ್ದನ್ನು ಅದು ಬರೆದಿಡುತ್ತದೆ. ಆನ್‌ಲೈನಿನಲ್ಲಿ ಒಂದು ವಿಶೇಷ ತೊಂದರೆ ಇದೆ. 1913ರ ವೆಬ್‌ಸ್ಟರ್‌ಗೆ ಕಾಪಿರೈಟ್ ಮುಗಿದಿದೆ. ಅದರ ಅರ್ಥಗಳನ್ನು ಎಷ್ಟೋ ಉಚಿತ ಡಿಕ್ಷನರಿಗಳು ಹಾಗೇ ಎತ್ತಿ ಹಾಕಿಕೊಂಡಿವೆ. ವರ್ಷ ತೋರಿಸುವುದಿಲ್ಲ. ಹಾಗಾಗಿ ಶತಮಾನದ ಹಿಂದಿನ ಮಾತು ನಿನ್ನೆ ಬರೆದಂತೆ ಕಾಣುತ್ತದೆ. ನೀವು ನೋಡಿದ್ದು ಅಂಥದ್ದೇ ಇರಬಹುದು. ಮುಂದಿನ ಸಲ ಪದ ಸಿಕ್ಕಾಗ ಅರ್ಥ ಓದಿ ಅಲ್ಲಿಗೇ ನಿಲ್ಲಬೇಡಿ. ಉದಾಹರಣೆ ವಾಕ್ಯ ಯಾವ ಕಾಲದ್ದು ನೋಡಿ. ಪಕ್ಕದಲ್ಲಿ ಬಳಕೆ ತಪ್ಪಿದ್ದು, ಅಪರೂಪ ಎಂಬ ಸೂಚನೆ ಇದೆಯಾ ನೋಡಿ. ಆಮೇಲೆ ನಿಮ್ಮ ವಿಷಯದ ಇತ್ತೀಚಿನ ಹತ್ತಾರು ಲೇಖನಗಳಲ್ಲಿ ಆ ಪದ ಹುಡುಕಿ. ಒಂದರಲ್ಲೂ ಸಿಗದಿದ್ದರೆ ನಿಮ್ಮ ಓದುಗರೂ ಅದನ್ನು ನೋಡಿರಲಿಕ್ಕಿಲ್ಲ.

ನೋಡಿರದ ಪದವನ್ನು ಕಣ್ಣು ಓದುವುದಿಲ್ಲ, ಊಹಿಸುತ್ತದೆ. ಆ್ಯಬ್ಸನಂಟ್ ವಿಷಯದಲ್ಲಿ ಆ ಊಹೆ ಎರಡು ಕೆಟ್ಟ ಕಡೆಗೆ ಜಾರುತ್ತದೆ. ಒಂದು 'ಆ್ಯಬ್ಸೆಂಟ್'. ನಿಮ್ಮ ವಾಕ್ಯವನ್ನು ಬೇಗ ಓದುವವರಿಗೆ ನೌಕರರ ಹೇಳಿಕೆಗಳು ನಿಯಮದಲ್ಲಿ ಇಲ್ಲವೇ ಇಲ್ಲ ಎಂಬಂತೆ ಕಾಣಬಹುದು. ಅರ್ಥ ಪೂರಾ ಬೇರೆ, ಅಲ್ವಾ? ಇನ್ನೊಂದು 'ಆ್ಯಸನಂಟ್'. ಇದು ಪದ್ಯದಲ್ಲಿ ಸ್ವರಗಳು ಒಂದಕ್ಕೊಂದು ಹೊಂದಿ ಮರುಕಳಿಸುವುದಕ್ಕೆ ಹೇಳುವ ಮಾತು. ನಡುವೆ 'ಬಿ' ಬದಲು ಇನ್ನೊಂದು 'ಎಸ್', ಅಷ್ಟೇ. ಒಂದರಲ್ಲಿ ದನಿ ಹೊಂದುತ್ತದೆ, ಇನ್ನೊಂದರಲ್ಲಿ ಹೊಂದುವುದಿಲ್ಲ!

ಇದು ಬರೀ ಊಹೆಯ ಭಯವಲ್ಲ. ಕೆಲವು ವರ್ಷಗಳ ಹಿಂದೆ ನಾನು ತಿದ್ದಿದ ಒಂದು ಸಣ್ಣಕಥೆಯಲ್ಲಿ ಬಿರುಕು ಬಿಟ್ಟ ಗಂಟೆಯ ದನಿಗೆ ಲೇಖಕಿ ಆ್ಯಬ್ಸನಂಟ್ ಎಂದು ಬರೆದಿದ್ದರು. ಚೆನ್ನಾಗಿತ್ತು. ಹಿಂದಿನ ವಾಕ್ಯದಲ್ಲೇ ಗಂಟೆಯ ಬಿರುಕು ಬಂದಿತ್ತು, ಮುಂದಿನದರಲ್ಲಿ ಹುಡುಗ ಕಿವಿ ಮುಚ್ಚಿಕೊಳ್ಳುತ್ತಾನೆ. ಪದ ಗೊತ್ತಿಲ್ಲದಿದ್ದರೂ ಅರ್ಥ ತಾನಾಗಿ ಆಗುತ್ತಿತ್ತು. ನಾನು ಉಳಿಸಿದೆ. ಆಮೇಲೆ ಕೊನೆಯ ಪ್ರೂಫ್ ನೋಡಿದವರು ಯಾರೋ ಕೈತಪ್ಪು ಅಂದುಕೊಂಡು ಆ್ಯಸನಂಟ್ ಎಂದು ತಿದ್ದಿಬಿಟ್ಟರು. ಅಚ್ಚಾದ ಮೇಲೆ ಲೇಖಕಿ ಫೋನ್ ಮಾಡಿದರು. ಬಿರುಕು ಬಿಟ್ಟ ಗಂಟೆ ಸುಸ್ವರವಾಗಿ ಬಾರಿಸುತ್ತಿದೆ, ಹುಡುಗ ಕಿವಿ ಮುಚ್ಚಿಕೊಂಡಿದ್ದಾನೆ! ಅವರ ದನಿಯಲ್ಲಿದ್ದ ಬೇಸರ ನನಗೆ ಇವತ್ತಿಗೂ ನೆನಪಿದೆ. ಅಂದಿನಿಂದ ಅಪರೂಪದ ಪದ ಉಳಿಸಿದಾಗಲೆಲ್ಲ ಪಕ್ಕದಲ್ಲಿ 'ಇದು ಹೀಗೇ ಇರಲಿ' ಎಂದು ಬರೆದೇ ಕಳಿಸುತ್ತೇನೆ. ಥೀಸಿಸ್‌ನ ಪರೀಕ್ಷಕರಿಗೆ ಹಾಗೆ ಪಕ್ಕದಲ್ಲಿ ಬರೆದು ಕಳಿಸುವ ಅವಕಾಶ ನಿಮಗಿಲ್ಲ.

ಹಾಗಾದರೆ ಡಿಸನಂಟ್ ಸರಿಯಾ?

'ಹೊಂದದ್ದು' ಎಂಬ ಅರ್ಥದ ಇಂಗ್ಲಿಷ್ ಪದಗಳೆಲ್ಲ ಒಂದೇ, ಯಾವುದನ್ನಾದರೂ ಹಾಕಬಹುದು ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಸಮಾನಾರ್ಥಕ ಪದಗಳ ಪಟ್ಟಿಗಳೂ ಹಾಗೇ ತೋರಿಸುತ್ತವೆ. ಪ್ರತಿ ಪದದ ಒಳಗೂ ಒಂದೊಂದು ಬೇರೆ ಚಿತ್ರ ಇದೆ.

ಡಿಸನಂಟ್ ಎಂದರೆ ಎರಡು ದನಿ ಒಟ್ಟಿಗೆ ಮೊಳಗಿ ಒಂದಕ್ಕೊಂದು ಕೂಡದಿರುವುದು. ತಂತಿ ಇರುವ ಯಾವುದಾದರೂ ವಾದ್ಯದಲ್ಲಿ ಎರಡು ತಂತಿಗಳನ್ನು ಒಂದೇ ಶ್ರುತಿಗೆ ಕೂಡಿಸಿ ಒಟ್ಟಿಗೆ ಮೀಟಿ. ದನಿ ನೇರವಾಗಿ ಹರಿಯುತ್ತದೆ. ಈಗ ಒಂದರ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಮೀಟಿ. ದನಿ ಅಲೆ ಅಲೆಯಾಗಿ ಏಳುತ್ತಾ ಬೀಳುತ್ತಾ ಹೋಗುವುದು ಸ್ಪಷ್ಟವಾಗಿ ಕೇಳುತ್ತದೆ. ಒಂದು ತಂತಿ ಸೆಕೆಂಡಿಗೆ 440 ಸಲ, ಇನ್ನೊಂದು 442 ಸಲ ಕಂಪಿಸಿದರೆ ಸೆಕೆಂಡಿಗೆ 2 ಏರಿಳಿತ. ಅಂತರ ಹೆಚ್ಚಿಸುತ್ತಾ ಹೋದರೆ ಏರಿಳಿತ ಎಣಿಸಲಾಗದಷ್ಟು ವೇಗವಾಗಿ, ಒರಟು ಗರಗರ ಆಗುತ್ತದೆ. ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ 1863ರಲ್ಲಿ, ಡಿಸನನ್ಸ್ (ದನಿಗಳು ಹೀಗೆ ಕೂಡದಿರುವುದು) ಕಿವಿಗೆ ಒರಟಾಗಿ ಕೇಳುವುದಕ್ಕೆ ಈ ಏರಿಳಿತವನ್ನೇ ಕಾರಣವಾಗಿ ಕೊಟ್ಟರು. ಗಮನಿಸಿ, ಒಂದೇ ತಂತಿ ಮೀಟಿದರೆ ಗರಗರ ಇಲ್ಲ. ಎರಡು ಬೇಕು. ಯಾವ ತಂತಿಯದು ತಪ್ಪು ಎಂದೂ ಆ ದನಿ ಹೇಳುವುದಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಡಿಸನನ್ಸ್ ತಪ್ಪೂ ಅಲ್ಲ. ಬೇಕೆಂದೇ ತಂದು, ಬಿಗಿ ಹುಟ್ಟಿಸಿ, ಆಮೇಲೆ ಬಿಡಿಸುತ್ತಾರೆ. ಮೊಜಾರ್ಟ್ 1785ರಲ್ಲಿ ರಚಿಸಿದ ಒಂದು ಕ್ವಾರ್ಟೆಟ್‌ಗೆ (ನಾಲ್ಕು ವಾದ್ಯಗಳ ಕೃತಿ) ಅದರ ಆರಂಭದ ಕೆಲವು ಸಾಲುಗಳ ದೆಸೆಯಿಂದ 'ಡಿಸನನ್ಸ್' ಎಂಬ ಹೆಸರೇ ಅಂಟಿಕೊಂಡಿದೆ.

ಆ್ಯಬ್ಸನಂಟ್ ಒಳಗಿನ ಚಿತ್ರ ಬೇರೆ. ಅಲ್ಲಿ ಒಂದು ಆಧಾರ ಶ್ರುತಿ ಮೊದಲೇ ನಿಂತಿದೆ, ಇನ್ನೊಂದು ಅದರಿಂದ ಆಚೆ ಸರಿದಿದೆ. ಕ್ವಾರ್ಲ್ಸ್ ಬರೆದದ್ದು ಪ್ರಕೃತಿಗೆ ಹೊಂದದ್ದು ಎಂದು. ಪ್ರಕೃತಿಯೇ ಆಧಾರ, ದೋಷ ಇನ್ನೊಂದರದು. ಈಗ ನಿಮ್ಮ ವಾಕ್ಯಕ್ಕೆ ಬನ್ನಿ. ನೌಕರರ ಮಾತು ಲಿಖಿತ ನಿಯಮಕ್ಕೆ ಆ್ಯಬ್ಸನಂಟ್ ಎಂದರೆ ನಿಯಮವೇ ಸರಿ, ನೌಕರರು ಶ್ರುತಿ ತಪ್ಪಿದವರು ಎಂಬ ತೀರ್ಪು ಅದರೊಳಗೆ ಬಂದು ಕೂರುತ್ತದೆ. ನಿಮ್ಮ ಥೀಸಿಸ್ ಹೇಳುವುದು ಹಾಗಲ್ಲ ಅನಿಸುತ್ತೆ. ನಾನು ಆ ಪದ ಬೇಡ ಎನ್ನುವ ದೊಡ್ಡ ಕಾರಣ ಇದೇ. ಅಪರೂಪ ಎನ್ನುವುದು ಆಮೇಲಿನ ಕಾರಣ.

ಡಿಸನಂಟ್‌ಗೆ ನಿಮ್ಮ ಕ್ಷೇತ್ರದಲ್ಲಿ ಬೇರೆ ತೊಡಕಿದೆ. 1957ರಲ್ಲಿ ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 'ಕಾಗ್ನಿಟಿವ್ ಡಿಸನನ್ಸ್' ಸಿದ್ಧಾಂತವನ್ನು ಪುಸ್ತಕವಾಗಿ ತಂದರು. ಒಬ್ಬನೇ ಮನುಷ್ಯನ ತಲೆಯಲ್ಲಿ ಹೊಂದದ ಎರಡು ನಂಬಿಕೆ ಇದ್ದಾಗ ಆಗುವ ಕಸಿವಿಸಿ, ಅದನ್ನು ಕಡಿಮೆ ಮಾಡಿಕೊಳ್ಳಲು ಅವನು ಮಾಡುವ ಪ್ರಯತ್ನ. ಸಮಾಜವಿಜ್ಞಾನ ಓದಿದವರಿಗೆ ಡಿಸನಂಟ್ ಎಂದ ಕೂಡಲೇ ಅದು ನೆನಪಾಗುವ ಸಾಧ್ಯತೆ ಜಾಸ್ತಿ. ನಿಮ್ಮದು ಎರಡು ಪಕ್ಷಗಳ ಮಾತಿನ ನಡುವಿನ ಅಂತರ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, 'ಫೆಸ್ಟಿಂಗರ್ ಅವರನ್ನು ಯಾಕೆ ಉಲ್ಲೇಖಿಸಿಲ್ಲ?' ಎಂಬ ಪ್ರಶ್ನೆಗೆ ನೀವೇ ಬಾಗಿಲು ತೆರೆದಂತೆ ಆಗುತ್ತದೆ.

ಉಳಿದವನ್ನು ಬೇಗ ಹೇಳುತ್ತೇನೆ. 'ಡಿಸ್ಕಾರ್ಡಂಟ್' ಒಳಗೆ ಇರುವುದು ಲ್ಯಾಟಿನ್ನಿನ 'ಕೋರ್', ಹೃದಯ. ಸಂಗೀತದ 'ಕಾರ್ಡ್' ಅಂತ ಬಹಳ ಜನ ತಿಳಿದಿದ್ದಾರೆ, ಅಲ್ಲ. ಮನಸ್ಸುಗಳು ಬೇರೆಯಾದದ್ದು ಎನ್ನುವುದೇ ಅದರ ಮೂಲ, ಹಾಗಾಗಿ ಜಗಳ, ಭಿನ್ನಮತಕ್ಕೆ ಚೆನ್ನಾಗಿ ಒಗ್ಗುತ್ತದೆ. 'ಇನ್‌ಹಾರ್ಮೋನಿಯಸ್' ಬಂದದ್ದು ಗ್ರೀಕರ 'ಹಾರ್ಮೋನಿಯ'ದಿಂದ. ಅದು ಮೊದಲು ಬಡಗಿಯ ಮಾತು, ಹಲಗೆಗೆ ಹಲಗೆ ಕೂಡುವ ಜೋಡಣೆ. 'ಇನ್‌ಕಾಂಗ್ರುಅಸ್' ಎಂದರೆ ಇರಬಾರದ ಜಾಗದಲ್ಲಿ ಇರುವುದು. 'ಜಾರಿಂಗ್' ಓದುವವನಿಗೆ, ಕೇಳುವವನಿಗೆ ಚುಚ್ಚಿದಂತಾಗುವುದು. 'ಕೆಕಾಫನಸ್' ಬರೀ ಕೆಟ್ಟ ಗದ್ದಲ, ಅದು ನಿಮಗೆ ಬೇಡ.

ನಾಲ್ಕು ಸಲ ಬಂದರೆ ಏನಾಯಿತು?

ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಒಂದು ಸಣ್ಣ ಮಾತು: 'ಆಗಲೇ ನಾಲ್ಕು ಸಲ ಬಳಸಿದ್ದೆ.' ಶಾಲೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬರೆದರೆ ಮೇಷ್ಟ್ರು ತಿದ್ದುತ್ತಿದ್ದರು. ಆ ಅಭ್ಯಾಸ ನಮ್ಮನ್ನು ಬಿಡುವುದಿಲ್ಲ. ಸಂಶೋಧನೆಯ ಬರಹದಲ್ಲಿ ಅದು ಉಲ್ಟಾ ಕೆಲಸ ಮಾಡುತ್ತದೆ. ನಾಲ್ಕು ಸಲ ಡಿಸನಂಟ್ ಎಂದು ಐದನೇ ಸಲ ಆ್ಯಬ್ಸನಂಟ್ ಎಂದರೆ ಓದುವವರು 'ಇದು ಬೇರೆ ಪರಿಕಲ್ಪನೆ ಇರಬೇಕು' ಎಂದು ಹಿಂದಿನ ಪುಟ ತಿರುವುತ್ತಾರೆ. ಇಂಗ್ಲಿಷ್ ಬಳಕೆಯ ಬಗ್ಗೆ ಬರೆದ ಫೌಲರ್ ಸಹೋದರರು 1906ರಲ್ಲೇ ಈ ಚಾಳಿಗೆ 'ಎಲಿಗಂಟ್ ವೇರಿಯೇಶನ್' ಎಂದು ಹೆಸರಿಟ್ಟು ಬೇಡ ಎಂದಿದ್ದರು. ಪರಿಕಲ್ಪನೆಯ ಹೆಸರು ಇಪ್ಪತ್ತು ಸಲ ಬಂದರೂ ಅದೇ ಇರಲಿ.

ಆದರೆ ಆ ನಾಲ್ಕೂ ಕಡೆ ನೀವು ಹೇಳಿದ್ದು ಒಂದೇ ವಿಷಯವಾ? ಅದನ್ನು ಮೊದಲು ನೋಡಿ. ಆ ನಾಲ್ಕು ವಾಕ್ಯಗಳನ್ನು ಒಂದು ಹಾಳೆಯ ಮೇಲೆ ಕೈಯಲ್ಲಿ ಬರೆದುಕೊಳ್ಳಿ. ಪ್ರತಿಯೊಂದರ ಪಕ್ಕ ಕನ್ನಡದಲ್ಲಿ ಅರ್ಥ ಬರೆಯಿರಿ. ಒಂದರ ಪಕ್ಕ 'ವಿರೋಧ', ಇನ್ನೊಂದರ ಪಕ್ಕ 'ತಾಳೆ ಆಗಲ್ಲ', ಮತ್ತೊಂದರ ಪಕ್ಕ 'ಒಳಗೇ ಕಸಿವಿಸಿ' ಎಂದು ಬಂದರೆ ನಿಮಗೆ ಬೇಕಿದ್ದದ್ದು ಡಿಸನಂಟ್‌ಗೆ ಬದಲಿ ಪದ ಅಲ್ಲ, ಮೂರು ಬೇರೆ ಮಾತುಗಳು. ನನ್ನ ಬಳಿ ಬರುವವರಿಗೆ ಇದನ್ನು ಮಾಡಿಸುತ್ತೇನೆ. ಹೆಚ್ಚಿನ ಸಲ ಸಿಕ್ಕು ಬಿಡುವುದು ಅಲ್ಲೇ.

ಇನ್ನು ನಿಮ್ಮ ವಾಕ್ಯ. ನಾನಾಗಿದ್ದರೆ 'ಆರ್ ಆ್ಯಟ್ ಆಡ್ಸ್ ವಿತ್' ಎಂದು ಬರೆಯುತ್ತಿದ್ದೆ. ಎರಡು ಪಕ್ಷ, ತಾಳೆ ಇಲ್ಲ, ಯಾರದು ತಪ್ಪು ಎಂಬ ತೀರ್ಪೂ ಇಲ್ಲ. ಪ್ರತಿ ಓದುಗರಿಗೂ ಗೊತ್ತು. ಸ್ವಲ್ಪ ಮಾತಿನ ಧಾಟಿ ಜಾಸ್ತಿ ಅನಿಸಬಹುದು, ಕೆಲವು ಗೈಡ್‌ಗಳಿಗೆ ಹಿಡಿಸುವುದಿಲ್ಲ. ಆಗ 'ಡಿಫರ್ ಫ್ರಮ್' ಇದೆ. ಅದು ತಣ್ಣಗಿನ ಮಾತು, ಘರ್ಷಣೆಯ ಬಿಸಿ ಅದರಲ್ಲಿ ಇಲ್ಲ. ಘರ್ಷಣೆ ನೇರವಾಗಿದ್ದರೆ 'ಕಾಂಟ್ರಡಿಕ್ಟ್'. ಆದರೆ ಹಾಗೆ ಬರೆದರೆ ನಿಯಮ ಹೌದು ಎಂದದ್ದನ್ನು ನೌಕರರು ಇಲ್ಲ ಎಂದಿದ್ದಾರೆ ಎಂದು ಸಂದರ್ಶನಗಳಿಂದ ತೋರಿಸಬೇಕಾಗುತ್ತದೆ. ಬರೀ ಬೇರೆ ರೀತಿ ಹೇಳಿದ್ದಾರೆ ಎಂದರೆ ಸಾಲದು. ಡಿಸನಂಟ್ ಅನ್ನೇ ಉಳಿಸುವುದಾದರೆ ಮೊದಲ ಸಲ ಬರುವಲ್ಲಿ, ಇದು ಫೆಸ್ಟಿಂಗರ್ ಅರ್ಥದಲ್ಲಿ ಅಲ್ಲ ಎಂದು ಒಂದು ಸಾಲು ಸೇರಿಸಿ.

ಆ್ಯಬ್ಸನಂಟ್ ಅನ್ನು ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ನೀವು ಕಥೆ ಬರೆದರೆ, ಸಂಗೀತದ ಬಗ್ಗೆಯೋ ಪದಗಳ ಬಗ್ಗೆಯೋ ಪ್ರಬಂಧ ಬರೆದರೆ, ಅದಕ್ಕೆ ಜಾಗ ಇದೆ. ಆಚೀಚಿನ ವಾಕ್ಯಗಳು ಅರ್ಥವನ್ನು ಹೊತ್ತಿರಬೇಕು, ಆ ಬಿರುಕು ಗಂಟೆಯ ಕಥೆಯಂತೆ. ಬರೆದ ಪುಟವನ್ನು ಒಬ್ಬರಿಗೆ ಕೊಟ್ಟು ಜೋರಾಗಿ ಓದಲು ಹೇಳಿ. ಪದದ ಬಳಿ ಎಡವಿ, ಆದರೂ ಅರ್ಥ ಹಿಡಿದು ಮುಂದೆ ಹೋದರೆ ಉಳಿಸಿ. ನಿಂತು ನಿಮ್ಮ ಮುಖ ನೋಡಿದರೆ ತೆಗೆಯಿರಿ.

ಪರೀಕ್ಷಕರ ಗೌರವದ ಬಗ್ಗೆ ನಿಮ್ಮ ಗೆಳತಿ ಹೇಳಿದ ಮಾತು ಪ್ರೀತಿಯಿಂದ ಹೇಳಿದ್ದು. ನನ್ನ ಅನುಭವ ಬೇರೆ. ಪರೀಕ್ಷಕರಿಗೆ ಗೊತ್ತಿಲ್ಲದ ಪದ ಕಂಡರೆ ಮೊದಲು ಬರುವ ಯೋಚನೆ 'ಇದು ತಪ್ಪಿರಬೇಕು'. ಎರಡನೆಯದು 'ಎಲ್ಲಿಂದ ಎತ್ತಿದ್ದು?'. ಒಂದು ಸಲ ಆ ಸಂಶಯ ಬಂದರೆ ಮುಂದಿನ ಪುಟಗಳನ್ನು ತಪ್ಪು ಹುಡುಕುವ ಕಣ್ಣಿನಿಂದ ಓದುತ್ತಾರೆ. ನಿಮಗೆ ನ್ಯಾಯ ಅನಿಸದಿರಬಹುದು, ಆದರೆ ಹಾಗೇ ಆಗುವುದನ್ನು ನೋಡಿದ್ದೇನೆ. ಇಂಗ್ಲಿಷ್ ಮನೆಮಾತಾಗಿರುವ ಒಳ್ಳೆಯ ಸಂಶೋಧಕರ ಬರಹವನ್ನೂ ತಿದ್ದಿದ್ದೇನೆ. ಅವರಲ್ಲಿ ಹೆಚ್ಚಿನವರು ಸುಲಭದ ಪದಗಳಲ್ಲೇ ಬರೆಯುತ್ತಾರೆ. 'ಇಷ್ಟೇ ಬರೋದು' ಎಂದು ಅವರ ಬಗ್ಗೆ ಯಾರೂ ಅಂದುಕೊಂಡದ್ದನ್ನು ನಾನು ಕಂಡಿಲ್ಲ. ನಿಮ್ಮ ಪತ್ರ ಓದಿದೆ. ಎರಡು ಪದಗಳ ನಡುವಿನ ವ್ಯತ್ಯಾಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವವರ ಇಂಗ್ಲಿಷ್ ಸಾಧಾರಣ ಎಂದು ನಾನಂತೂ ಒಪ್ಪುವುದಿಲ್ಲ.

ಗೈಡ್ ಹತ್ತಿರ ವಾದ ಬೇಡ, ಹಾಗಂತ ಬಾಯಿ ಮುಚ್ಚಿಕೊಂಡು ಬದಲಿಸುವುದೂ ಬೇಡ. ಡ್ರಾಫ್ಟ್ ವಾಪಸ್ ಕೊಡುವಾಗ ಒಂದು ಚೀಟಿ ಇಡಿ. ಹೀಗೆ ಬರೆಯಬಹುದು:

"ಸರ್, ಆ್ಯಬ್ಸನಂಟ್ 1913ರ ವೆಬ್‌ಸ್ಟರ್‌ನಲ್ಲಿದೆ, ಆದರೆ ಅಲ್ಲಿನ ಉದಾಹರಣೆ ಹದಿನೇಳನೇ ಶತಮಾನದ್ದು. ಹಾಗಾಗಿ ತೆಗೆದಿದ್ದೇನೆ. ಡಿಸನಂಟ್ ಎಂದರೆ ಫೆಸ್ಟಿಂಗರ್ ಸಿದ್ಧಾಂತ ಎಂದು ಓದಿಕೊಳ್ಳುವ ಸಾಧ್ಯತೆ ಇದೆ ಅನಿಸಿತು. ಅದಕ್ಕೆ ಈ ಅಧ್ಯಾಯದ ಐದೂ ಕಡೆ ಅರ್ಥಕ್ಕೆ ತಕ್ಕಂತೆ ಬೇರೆ ಪದ ಹಾಕಿದ್ದೇನೆ, ಪಕ್ಕದಲ್ಲಿ ಗುರುತು ಮಾಡಿದ್ದೇನೆ. ನೋಡಿ ಹೇಳಿ ಸರ್."